ಕುಗ್ಗುವುದು ದಾರವೋ, ಬಟ್ಟೆಯೋ?

ಹೊಸದಾಗಿ ಹೊಲಿದ ಕೌದಿ ಮೊದಲ ಒಗೆತ ಕಂಡು, ಬಿಸಿಲಿಗೆ ಒಣಗಿ ಒಳಗೆ ಬಂದಾಗ ಅದರ ಮೈತುಂಬ ಸಣ್ಣ ಸಣ್ಣ ಸುಕ್ಕು ಎದ್ದಿರುತ್ತದೆ. ಹೊಲಿಗೆಯ ಸಾಲಿನಲ್ಲಿ ತಗ್ಗು, ಸಾಲುಗಳ ನಡುವೆ ಉಬ್ಬು. ದೂರದಿಂದ ನೋಡಿದರೆ ಆಗಷ್ಟೇ ಕುಂಟೆ ಹೊಡೆದ ಹೊಲ. ಕೆಲವರಿಗೆ ಅದೇ ಚೆಂದ, ಕೆಲವರಿಗೆ ಅದು ಕೆಲಸ ಕೆಟ್ಟ ಗುರುತು. ಕೆಟ್ಟಿತು ಎನ್ನುವವರ ಬೆರಳು ಮೊದಲು ಹೋಗುವುದು ದಾರದ ಕಡೆಗೆ. ಹತ್ತಿ ದಾರ ನೀರು ಕಂಡರೆ ಕುಗ್ಗುತ್ತದೆ, ಕುಗ್ಗುವಾಗ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ, ಆದ್ದರಿಂದ ಪಾಲಿಯೆಸ್ಟರ್ ದಾರವೇ ವಾಸಿ ಎಂಬ ಮಾತು ದಾರದಂಗಡಿಯಿಂದ ಹೊಲಿಗೆ ತರಗತಿಯವರೆಗೆ ಎಲ್ಲೆಡೆ ಕೇಳಿಬರುತ್ತದೆ. ಈ ಮಾತಿನ ಮೊದಲರ್ಧ ನಿಜ. ಹತ್ತಿ ದಾರ ಕುಗ್ಗುತ್ತದೆ. ಆದರೆ ಎಷ್ಟು ಕುಗ್ಗುತ್ತದೆ, ಅದರ ಜೊತೆಗೆ ಇನ್ನೇನು ಕುಗ್ಗುತ್ತದೆ ಎಂದು ಅಳೆದು ನೋಡಿದರೆ ಉಳಿದರ್ಧ ನಿಲ್ಲುವುದಿಲ್ಲ. ಕೌದಿಗೆ ದಾರ ಆರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ದಾರ ಕುಗ್ಗೀತೇ ಎಂಬುದಲ್ಲ, ಈ ದಾರ ಈ ಬಟ್ಟೆಗಿಂತ ಗಟ್ಟಿಯೋ ಮೆತ್ತಗೋ ಎಂಬುದು ನನ್ನ ವಾದ. ಅದಕ್ಕೆ ಬರುವ ಮುಂಚೆ ಕುಗ್ಗುವಿಕೆಯ ಲೆಕ್ಕವನ್ನು ಇತ್ಯರ್ಥ ಮಾಡಿಕೊಳ್ಳೋಣ.

ಹತ್ತಿಯ ಎಳೆ ನೀರು ಕುಡಿದಾಗ ಗಿಡ್ಡವಾಗುವುದಿಲ್ಲ, ದಪ್ಪವಾಗುತ್ತದೆ. ಇದು ಕೇಳುವುದಕ್ಕೆ ವಿಚಿತ್ರ, ಆದರೆ ಎಲ್ಲದರ ಬೇರು ಇಲ್ಲೇ ಇದೆ. ಹತ್ತಿಯ ಒಂದೊಂದು ಎಳೆಯೂ ಸೆಲ್ಯುಲೋಸಿನದು. ಒದ್ದೆಯಾದಾಗ ಅದರ ಅಡ್ಡಗಲ ಸುಮಾರು ಐದನೇ ಒಂದು ಪಾಲಿನಷ್ಟು ಹಿಗ್ಗುತ್ತದೆ, ಉದ್ದ ಮಾತ್ರ ಶೇ. 1ರ ಆಸುಪಾಸಿನಲ್ಲಿ ಹೆಚ್ಚಿದರೆ ಹೆಚ್ಚು. ಹಾಗಿದ್ದರೆ ದಾರ ಏಕೆ ಗಿಡ್ಡವಾಗುತ್ತದೆ? ಎಳೆಗಳು ದಾರದಲ್ಲಿ ನೇರವಾಗಿ ಮಲಗಿಲ್ಲ, ಹುರಿಗೊಂಡು ಸುತ್ತಿಕೊಂಡಿವೆ. ಎಳೆಗಳೆಲ್ಲ ಉಬ್ಬಿ ದಾರ ದಪ್ಪವಾದಾಗ ಅದರ ಸುತ್ತ ಬಳಸುವ ಎಳೆ ಹೆಚ್ಚು ದೂರ ಸಾಗಬೇಕು. ಎಳೆಯ ಉದ್ದ ಇದ್ದಷ್ಟೇ ಇರುವುದರಿಂದ ಆ ಕೊರತೆ ದಾರದ ಉದ್ದದಲ್ಲಿ ಕಡಿತವಾಗುತ್ತದೆ. ಬಾವಿಯ ಹಗ್ಗದಲ್ಲಿ ಬಿದ್ದ ಗಂಟು ನೆನೆದ ಮೇಲೆ ಬಿಚ್ಚಲಾರದಷ್ಟು ಬಿಗಿಯುವುದು, ನಾರಿನ ಹಗ್ಗ ಮಳೆಯಲ್ಲಿ ಬಿಗಿದುಕೊಳ್ಳುವುದು ಇದೇ ಲೆಕ್ಕದ ಮೇಲೆ. ಹೆಚ್ಚು ಹುರಿ ಇದ್ದಷ್ಟೂ ಕುಗ್ಗು ಹೆಚ್ಚು. ಇದರ ಜೊತೆಗೆ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ: ಗಿರಣಿಯಲ್ಲಿ ದಾರವನ್ನು ಎಳೆದು ಹಿಡಿದು ರೀಲಿಗೆ ಸುತ್ತಿರುತ್ತಾರೆ, ನೀರು ತಗುಲಿದಾಗ ಆ ಸೆಳೆತ ಸಡಿಲುತ್ತದೆ. ಎರಡೂ ಸೇರಿ ಒಳ್ಳೆಯ ಹತ್ತಿ ದಾರ ಸಾಮಾನ್ಯವಾಗಿ ಶೇ. 1ರಿಂದ 3ರ ಒಳಗೆ ಕುಗ್ಗುತ್ತದೆ. ಅದೂ ಬಹುಪಾಲು ಮೊದಲ ಒಂದೆರಡು ಒಗೆತದಲ್ಲೇ ಮುಗಿಯುತ್ತದೆ.

ಈಗ ಬಟ್ಟೆಯ ಕಡೆ ತಿರುಗಿ. ನೇಯ್ದ ಬಟ್ಟೆಯಲ್ಲಿ ನೂಲು ನೂಲಿನ ಮೇಲೆ ಏರಿ ಇಳಿದು ಸಾಗುತ್ತದೆ. ಮಗ್ಗದ ಮೇಲೆ ಹಾಸುನೂಲನ್ನು ಬಿಗಿಯಾಗಿ ಎಳೆದು ಹಿಡಿದಿರುವುದರಿಂದ ಆ ಏರಿಳಿತ ಚಪ್ಪಟೆಯಾಗಿರುತ್ತದೆ. ಬಟ್ಟೆ ನೆನೆದಾಗ ನೂಲು ಉಬ್ಬುತ್ತದೆ, ಒಂದು ನೂಲು ಇನ್ನೊಂದನ್ನು ದಾಟಲು ಇನ್ನೂ ಎತ್ತರ ಏರಬೇಕಾಗುತ್ತದೆ, ಹಾಸುನೂಲು ಡೊಂಕಾಗುತ್ತದೆ, ಬಟ್ಟೆ ಉದ್ದದಲ್ಲಿ ಗಿಡ್ಡವಾಗುತ್ತದೆ. ಅಂದರೆ ನೂಲಿನ ಸ್ವಂತ ಕುಗ್ಗಿನ ಮೇಲೆ ನೇಯ್ಗೆಯ ಕುಗ್ಗೂ ಸೇರುತ್ತದೆ. ಕುಗ್ಗಿಸದೆ ಮಾರುವ ಹೊಸ ಹತ್ತಿ ಬಟ್ಟೆ ಶೇ. 3ರಿಂದ 5, ಸಡಿಲ ನೇಯ್ಗೆಯಾದರೆ ಇನ್ನೂ ಹೆಚ್ಚು ಕುಗ್ಗುವುದು ಹೊಸದೇನಲ್ಲ; ಜುಬ್ಬದ ಬಟ್ಟೆ ತಂದವರು ಹೊಲಿಯಲು ಕೊಡುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಹಾಕುವುದು ಇದಕ್ಕೇ. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬಾತ ಬಟ್ಟೆಯನ್ನು ಗಿರಣಿಯಲ್ಲೇ ಯಂತ್ರದಿಂದ ಒತ್ತಿ ಮುಂಚಿತವಾಗಿ ಕುಗ್ಗಿಸುವ ವಿಧಾನವನ್ನು 1930ರ ಸುಮಾರಿಗೆ ಬಳಕೆಗೆ ತಂದ. ಥಾನಿನ ಅಂಚಿನಲ್ಲಿ ಕಾಣುವ ‘ಸ್ಯಾನ್‌ಫರೈಸ್ಡ್’ ಎಂಬ ಮುದ್ರೆ ಅವನ ಹೆಸರಿನಿಂದಲೇ ಬಂದದ್ದು. ಬಟ್ಟೆಯ ಕುಗ್ಗು ಒಂದು ಉದ್ಯಮವನ್ನೇ ಕಟ್ಟುವಷ್ಟು ದೊಡ್ಡ ತಲೆನೋವಾಗಿತ್ತು. ದಾರದ ಕುಗ್ಗಿಗೆ ಅಂಥ ಗೌರವ ಎಂದೂ ಸಿಗಲಿಲ್ಲ, ಸಿಗಬೇಕಾದ ಕಾರಣವೂ ಇರಲಿಲ್ಲ.

ಲೆಕ್ಕ ಹಾಕಿ ನೋಡೋಣ. ಆರಡಿ ಉದ್ದದ ಹೊದಿಕೆಯಲ್ಲಿ ಒಂದು ಹೊಲಿಗೆ ಸಾಲು 72 ಅಂಗುಲ. ಹೊಸ ಬಟ್ಟೆ ಶೇ. 3ರಷ್ಟು ಕುಗ್ಗಿದರೆ ಎರಡು ಅಂಗುಲಕ್ಕೂ ಚೂರು ಹೆಚ್ಚು ಕಡಿಮೆಯಾಗುತ್ತದೆ. ದಾರ ಶೇ. 1ರಷ್ಟು ಕುಗ್ಗಿದರೆ ಮುಕ್ಕಾಲು ಅಂಗುಲವೂ ಇಲ್ಲ. ಹಾಗಾದರೆ ಇಲ್ಲಿ ದಾರ ಬಟ್ಟೆಯನ್ನು ಎಳೆಯುವ ಮಾತೆಲ್ಲಿಂದ ಬಂತು? ಬಟ್ಟೆಯೇ ದಾರಕ್ಕಿಂತ ಗಿಡ್ಡವಾಗಿ, ದಾರ ಸಡಿಲಾಗಿ ಉಳಿಯುತ್ತದೆ. ಅಮೆರಿಕದ ಕ್ವಿಲ್ಟುಗಳಲ್ಲಿ ಎರಡು ಬಟ್ಟೆಗಳ ನಡುವೆ ಹತ್ತಿಯ ತೆಳು ಹಾಸನ್ನು ಇಟ್ಟು ಹೊಲಿಯುತ್ತಾರೆ. ಆ ಹಾಸೂ ಶೇ. 3ರಿಂದ 5ರಷ್ಟು ಕುಗ್ಗುವಂಥದ್ದು. ಒಗೆದ ಮೇಲೆ ಅಲ್ಲಿ ಏಳುವ ಸುಕ್ಕಿಗೆ ಮುಖ್ಯ ಕಾರಣ ಮೇಲಿನ ಬಟ್ಟೆಯೂ ಒಳಗಿನ ಹಾಸೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದು. ಅಜ್ಜಿಯ ಕಾಲದ್ದೆನಿಸುವ ಆ ನೋಟ ಬರಲೆಂದೇ ಅಲ್ಲಿ ಎಷ್ಟೋ ಜನ ಬಟ್ಟೆಯನ್ನು ಬೇಕೆಂತಲೇ ನೆನೆಸದೆ ಹೊಲಿಯುತ್ತಾರೆ. ಸುಕ್ಕು ಬೇಡವೆನ್ನುವವರು ಬಟ್ಟೆಯನ್ನು ಮೊದಲೇ ಒಗೆದು ಇಟ್ಟುಕೊಳ್ಳುತ್ತಾರೆ. ಇಬ್ಬರೂ ಬಳಸುವುದು ಹೆಚ್ಚುಕಡಿಮೆ ಒಂದೇ ಹತ್ತಿ ದಾರವನ್ನು.

ನಮ್ಮ ಕೌದಿಯ ಲೆಕ್ಕ ಮಾತ್ರ ತಿರುಗುಮುರುಗು. ಇಲ್ಲಿಗೆ ಬಂದಾಗ ಮೇಲಿನ ಸಮಾಧಾನ ಹಾಗೇ ಒಪ್ಪುವಂತಿಲ್ಲ. ಉತ್ತರ ಕರ್ನಾಟಕದ ಕೌದಿಯಾಗಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಾಗಲಿ, ಹುಟ್ಟುವುದು ಹಳೇ ಸೀರೆ, ಧೋತರ, ಅಂಗಿ, ಲಂಗದ ತುಂಡುಗಳಿಂದ. ಕೆಳಗೊಂದು ಹಳೇ ಸೀರೆ, ಅದರ ಮೇಲೆ ತೇಪೆಯ ಮೇಲೆ ತೇಪೆ. ಸಿದ್ದಿಯರ ಕವಂದಿಯಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫುಲ’ ಕೂರುತ್ತದೆ. ಆ ಬಟ್ಟೆಗಳೆಲ್ಲ ಕಲ್ಲಿನ ಮೇಲೆ ನೂರಾರು ಸಲ ಒಗೆಸಿಕೊಂಡು ಬಂದವು. ಅವು ಕುಗ್ಗಬೇಕಾದಷ್ಟು ಎಂದೋ ಕುಗ್ಗಿವೆ. ಇಡೀ ಕೌದಿಯಲ್ಲಿ ಹೊಸದು ಎನ್ನುವುದು ಒಂದೇ: ದಾರ. ಹಾಗಾಗಿ ಕ್ವಿಲ್ಟಿನಲ್ಲಿ ಲೆಕ್ಕಕ್ಕೇ ಬಾರದ ದಾರದ ಕುಗ್ಗು ಕೌದಿಯಲ್ಲಿ ಏಕಾಂಗಿಯಾಗಿ ಕೆಲಸ ಮಾಡುತ್ತದೆ. ದಾರವನ್ನು ದೂರುವವರಿಗೆ ಗಟ್ಟಿ ಆಧಾರ ಎಲ್ಲಾದರೂ ಇದ್ದರೆ ಅದು ಇಲ್ಲಿ. ಆದರೂ ಎಷ್ಟು ಎಂದು ಕೇಳಲೇಬೇಕು. ಕಾಲಂಗುಲಕ್ಕೊಂದು ಹೊಲಿಗೆ ಎಂದಿಟ್ಟುಕೊಂಡರೆ ಆರಡಿ ಸಾಲಿನಲ್ಲಿ 288 ಹೊಲಿಗೆ. ಶೇ. 1ರ ಕುಗ್ಗು ಅಷ್ಟಕ್ಕೂ ಹಂಚಿಹೋದರೆ ಒಂದು ಹೊಲಿಗೆಯ ಪಾಲಿಗೆ ಬರುವುದು ಅಂಗುಲದ ನಾನೂರರಲ್ಲಿ ಒಂದು ಭಾಗ. ಕಣ್ಣಿಗೆ ಕಾಣದ ಅಳತೆ ಅದು. ಶೇ. 3 ಕುಗ್ಗಿದರೂ ಅದರ ಮೂರರಷ್ಟು, ಅಷ್ಟೆ.

ಹಾಗಿದ್ದರೆ ಕಣ್ಣಿಗೆ ಹೊಡೆಯುವ ಸುಕ್ಕು ಎಲ್ಲಿಂದ? ಕೈಯಿಂದ. ಸೂಜಿಯ ಮೇಲೆ ಏಳೆಂಟು ಹೊಲಿಗೆ ಪೋಣಿಸಿ ಒಮ್ಮೆಗೇ ದಾರ ಎಳೆಯುವಾಗ ಬಟ್ಟೆ ನೆರಿಗೆಗಟ್ಟುತ್ತದೆ. ಬೆರಳಿನಿಂದ ಸವರಿ ನೆರಿಗೆ ಬಿಡಿಸಿ ಮುಂದೆ ಹೋಗಬೇಕು. ಆ ಸವರುವಿಕೆಯಲ್ಲಿ ಅಡಿಗೆ ಕಾಲಂಗುಲ ಉಳಿದುಹೋದರೂ ಶೇ. 2ರಷ್ಟು ಕುಗ್ಗು ನೀರು ಮುಟ್ಟುವ ಮುಂಚೆಯೇ ಕೌದಿಯೊಳಗೆ ಕೂತಂತೆ. ದಾರವೇ ಮಾಡಬಹುದಾದದ್ದಕ್ಕೆ ಸಮ, ಎಷ್ಟೋ ಸಲ ಅದಕ್ಕೂ ಹೆಚ್ಚು. ಇಸ್ತ್ರಿ ಮಾಡಿದ ಹಾಗೆ ಕಾಣುವ ಹೊಸ ಕೌದಿಯಲ್ಲಿ ಈ ಬಿಗಿ ಅಡಗಿ ಕೂತಿರುತ್ತದೆ, ಒದ್ದೆಯಾಗಿ ಬಟ್ಟೆ ಮೆತ್ತಗಾದಾಗ ಹೊರಗೆ ಬರುತ್ತದೆ. ನೋಡುವವರು ಅದನ್ನು ನೀರಿನ ಲೆಕ್ಕಕ್ಕೆ, ನೀರಿನ ನೆಪದಲ್ಲಿ ದಾರದ ಲೆಕ್ಕಕ್ಕೆ ಬರೆಯುತ್ತಾರೆ. ಬಂಗಾಳದ ಹಳೆಯ ಕಾಂಥಾಗಳು ಇದಕ್ಕೊಂದು ಸೊಗಸಾದ ಸಾಕ್ಷಿ ಒದಗಿಸುತ್ತವೆ. ಅಲ್ಲಿನ ಹೆಂಗಸರು ಹಳೇ ಸೀರೆಯ ಬಣ್ಣದ ಅಂಚಿನಿಂದ ನೂಲೆಳೆ ಬಿಡಿಸಿ ಅದರಿಂದಲೇ ಹೊಲಿಯುತ್ತಿದ್ದರು. ಬಟ್ಟೆಯೂ ಹಳತು, ದಾರವೂ ಹಳತು, ಎರಡೂ ಒಂದೇ ನೀರಿನಲ್ಲಿ ಮಿಂದವು. ಕುಗ್ಗಲು ಯಾವುದರಲ್ಲೂ ಏನೂ ಉಳಿದಿರಲಿಲ್ಲ. ಆದರೂ ಕಾಂಥಾದ ಗುರುತೇ ಅದರ ನೀರಲೆಯಂಥ ಸುಕ್ಕು. ಸಾದಾ ಹೊಲಿಗೆಯನ್ನು ಒತ್ತೊತ್ತಾಗಿ ಸಾಲು ಹಿಡಿದು ಹಾಕಿದರೆ ಯಾವ ದಾರವಾದರೂ ಅಲೆ ಏಳಿಸುತ್ತದೆ.

ಇನ್ನು ಪಾಲಿಯೆಸ್ಟರಿನ ವಿಚಾರ. ಪಾಲಿಯೆಸ್ಟರ್ ನೀರು ಕುಡಿಯುವುದಿಲ್ಲ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವ ಹೀರಿಕೊಂಡರೆ ಪಾಲಿಯೆಸ್ಟರ್ ಹೀರುವುದು ಶೇ. ಅರ್ಧಕ್ಕಿಂತ ಕಡಿಮೆ. ಹಾಗಾಗಿ ನೀರಿನಿಂದ ಅದು ಕುಗ್ಗುವುದಿಲ್ಲ ಎನ್ನುವುದು ಸರಿ. ಆದರೆ ಅದಕ್ಕೆ ಬೇರೊಂದು ಚಾಳಿ ಇದೆ. ಅದು ಹಿಗ್ಗುತ್ತದೆ. ಹತ್ತಿ ದಾರವನ್ನು ಎಳೆದರೆ ಸ್ವಲ್ಪವೇ ಹಿಗ್ಗಿ ತುಂಡಾಗುತ್ತದೆ. ಪಾಲಿಯೆಸ್ಟರ್ ಅದರ ಎರಡರಷ್ಟಾದರೂ ಹಿಗ್ಗಿ, ಬಿಟ್ಟಾಗ ಹಿಂದಕ್ಕೆ ಬರುತ್ತದೆ. ಹೊಲಿಗೆ ಯಂತ್ರದ ಟೆನ್ಷನ್ ಬಿಗಿಯಾಗಿದ್ದರೆ ದಾರ ಹಿಗ್ಗಿದ ಸ್ಥಿತಿಯಲ್ಲೇ ಬಟ್ಟೆಯೊಳಗೆ ಹೊಕ್ಕುತ್ತದೆ, ಆಮೇಲೆ ನಿಧಾನಕ್ಕೆ ತನ್ನ ಅಳತೆಗೆ ಮರಳುತ್ತದೆ, ಬಟ್ಟೆ ಸುಕ್ಕಾಗುತ್ತದೆ. ಸಿದ್ಧ ಉಡುಪಿನ ಕಾರ್ಖಾನೆಯವರು ಈ ಸುಕ್ಕಿನ ಜೊತೆ ದಿನಾ ಗುದ್ದಾಡುತ್ತಾರೆ. ಕುಗ್ಗದ ದಾರ ಹಾಕಿಯೂ ಹೊಲಿಗೆ ನೆರಿಗೆಗಟ್ಟಿತಲ್ಲ ಎಂದು ಅಚ್ಚರಿಪಡುವವರು ನೋಡಬೇಕಾದದ್ದು ಯಂತ್ರದ ಟೆನ್ಷನ್ ಸ್ಕ್ರೂವನ್ನು, ಬಾಬಿನ್ನಿಗೆ ದಾರ ಎಷ್ಟು ಬಿಗಿಯಾಗಿ ಸುತ್ತಿದೆ ಎಂಬುದನ್ನು.

ಪಾಲಿಯೆಸ್ಟರಿನ ವಿರುದ್ಧ ಹತ್ತಿಯ ಅಭಿಮಾನಿಗಳು ಹೇಳುವ ಒಂದು ಮಾತನ್ನೂ ಇಲ್ಲಿ ಪರೀಕ್ಷಿಸಬೇಕು. ಪಾಲಿಯೆಸ್ಟರ್ ದಾರ ಕತ್ತಿಯಂತೆ ಹತ್ತಿ ಬಟ್ಟೆಯನ್ನು ಕೊಯ್ಯುತ್ತದೆ ಎನ್ನುತ್ತಾರೆ. ಈ ಮಾತನ್ನು ಹಾಗೇ ನಂಬಬೇಕಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಪಾಲಿಯೆಸ್ಟರ್ ಹೊಲಿಗೆ ದಾರ ಗಿಡ್ಡ ಎಳೆಗಳನ್ನು ನೂತು ಮಾಡಿದ್ದು. ಮುಟ್ಟಿದರೆ ಹತ್ತಿಯಷ್ಟೇ ಮೆತ್ತಗೆ, ಅದಕ್ಕೆ ಅಲಗಿಲ್ಲ. ಒಂದು ಎಳೆಯ ಮೀನುಗಾಳದ ನೂಲಿನಂಥ ನೈಲಾನ್ ದಾರದ ಬಗ್ಗೆ ಹೇಳಿದರೆ ಬೇರೆ ಮಾತು. ಅದು ಬಿರುಸು, ಬಿಸಿ ಇಸ್ತ್ರಿಗೆ ಕರಗಲೂಬಹುದು, ಕೌದಿಯ ಹತ್ತಿರ ಸುಳಿಯಬಾರದು. ಹತ್ತಿಯ ಪರ ಇರುವ ನಿಜವಾದ ವಾದ ಕೊಯ್ಯುವುದರದಲ್ಲ, ಬಲದ್ದು. ಹೊದಿಕೆಯನ್ನು ಮಕ್ಕಳು ಹಿಡಿದೆಳೆದಾಗ, ಒದ್ದೆಯಾಗಿ ಮಣಭಾರವಾದ ಕೌದಿಯನ್ನು ಇಬ್ಬರು ಹಿಡಿದು ಹಿಂಡುವಾಗ, ಎಲ್ಲೋ ಒಂದು ಕಡೆ ಒಂದು ಸೋಲಲೇಬೇಕು. ದಾರ ಸೋತರೆ ಹೊಲಿಗೆ ಬಿಚ್ಚುತ್ತದೆ, ಸೂಜಿ ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ. ಬಟ್ಟೆ ಸೋತರೆ ಸೂಜಿಯ ತೂತುಗಳ ಸಾಲಿಗೇ ಸೀಳು ಬೀಳುತ್ತದೆ, ಅದಕ್ಕೆ ಮತ್ತೆ ತೇಪೆಯೇ ಗತಿ. ಕೌದಿಯ ಬಟ್ಟೆ ಎಂದರೆ ಮೊದಲೇ ಜೀರ್ಣವಾದ ಹಳೇ ಸೀರೆ. ಅದಕ್ಕಿಂತ ಬಲವಾದ ದಾರ ಹಾಕುವುದು ಮುದಿ ಗೋಡೆಗೆ ಉಕ್ಕಿನ ಮೊಳೆ ಹೊಡೆದಂತೆ. ದಾರ ಬಟ್ಟೆಗಿಂತ ಒಂದು ಕೈ ಮೆತ್ತಗಿರಬೇಕೆಂದು ನಾನು ಹೇಳುವುದು ಇದಕ್ಕೇ. ಹಾಗೆಂದು ಹತ್ತಿ ದಾರ ನೀರಿನಲ್ಲಿ ಬಲಹೀನ ಎಂದುಕೊಳ್ಳಬೇಡಿ. ಒದ್ದೆಯಾದಾಗ ಹತ್ತಿ ಒಣಗಿದ್ದಕ್ಕಿಂತ ಗಟ್ಟಿ. ನೀರಲ್ಲಿ ಸೊರಗುವುದು ರೇಯಾನ್. ಹೊಳೆಯುವ ರೇಯಾನ್ ಕಸೂತಿ ದಾರವನ್ನು ಕೌದಿಗೆ ಹಾಕಿದವರು ಅದನ್ನು ಒಗೆಯುವಾಗ ತಿಳಿದುಕೊಳ್ಳುತ್ತಾರೆ.

ಮಲೆನಾಡಿನವರು ಇದಕ್ಕೊಂದು ಆಕ್ಷೇಪ ಎತ್ತಬಹುದು. ಮಳೆಗಾಲದಲ್ಲಿ ಹತ್ತಿಗೆ ಬೂಷ್ಟು ಹಿಡಿಯುತ್ತದೆ, ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ, ಆದ್ದರಿಂದ ಅಲ್ಲಿ ಪಾಲಿಯೆಸ್ಟರೇ ಬಾಳುತ್ತದಲ್ಲವೇ ಎಂದು. ಬಾಳುತ್ತದೆ, ನಿಜ. ಆದರೆ ಬೂಷ್ಟು ಹಿಡಿಯುವುದು ದಾರಕ್ಕೊಂದೇ ಅಲ್ಲ, ಬಟ್ಟೆಗೂ ಹಿಡಿಯುತ್ತದೆ. ಬಟ್ಟೆ ಕೊಳೆತುಹೋದ ಮೇಲೆ ಹೊಲಿಗೆಯೊಂದು ಉಳಿದು ಪ್ರಯೋಜನವೇನು? ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಈಗಿನ ಮನೆಗಳಲ್ಲಿ ಹಳೇ ಸೀರೆ ಎಂದರೆ ಹತ್ತಿಯದೇ ಆಗಿರಬೇಕಿಲ್ಲ, ಅರ್ಧಕ್ಕರ್ಧ ಪಾಲಿಯೆಸ್ಟರ್ ಸೀರೆಗಳು. ಅವನ್ನು ಹರಿದು ಕೌದಿ ಹೊಲಿಯುವವರಿಗೆ ಹತ್ತಿ ದಾರವೇ ಹಾಕಿ ಎಂದು ಪಟ್ಟು ಹಿಡಿಯುವುದು ಬರೀ ಹಟ. ಆ ಜಾರುವ ಬಟ್ಟೆ ಜೀರ್ಣವಾಗುವುದೂ ತಡ, ಕುಗ್ಗುವುದೂ ಇಲ್ಲ. ಅದರೊಳಗೆ ಹತ್ತಿ ದಾರ ಮೊದಲು ಸವೆದುಹೋಗುತ್ತದೆ. ಅಲ್ಲಿ ನೂತ ಪಾಲಿಯೆಸ್ಟರ್ ದಾರವೇ ಸರಿ. ಬಟ್ಟೆ ನೋಡಿ ದಾರ ಆರಿಸಿ ಎಂಬ ನಿಯಮವೇ ಇಲ್ಲಿ ಪಾಲಿಯೆಸ್ಟರಿನ ಪರ ನಿಲ್ಲುತ್ತದೆ. ಹತ್ತಿಯೂ ಪಾಲಿಯೆಸ್ಟರೂ ಬೆರೆತ ತೇಪೆಗಳಾದರೆ ಯಾವುದು ಹೆಚ್ಚು ಜೀರ್ಣವೋ ಅದಕ್ಕೆ ಹೊಂದುವ ದಾರ ಹಾಕುವುದು ಕ್ಷೇಮ.

ಅರಳೆ ತುಂಬಿದ ರಜಾಯಿ, ಗಾದಿಗಳ ಮಟ್ಟಿಗೆ ಕುಗ್ಗಿನ ಪ್ರಶ್ನೆಯೇ ಏಳುವುದಿಲ್ಲ. ಅವನ್ನು ನೀರಿಗೆ ಹಾಕುವವರಿಲ್ಲ, ಬಿಸಿಲಿಗೆ ಹಾಕುತ್ತಾರೆ. ಕೆಲವು ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ, ಗಟ್ಟಿಯಾದ ಅರಳೆಯನ್ನು ಪಿಂಜಾರರಿಂದ ಹಿಂಜಿಸಿ ಮತ್ತೆ ತುಂಬುವುದು ರೂಢಿ. ಅಲ್ಲಿಗೆ ಬೇಕಾದದ್ದು ದಪ್ಪನೆಯ ಹತ್ತಿ ದಾರ, ಅಗಲ ಹೊಲಿಗೆ, ಬೇಕಾದಾಗ ಸರಕ್ಕನೆ ಕತ್ತರಿಸಿ ಎಳೆಯುವಂತಿದ್ದರೆ ಸಾಕು.

ಹತ್ತಿ ದಾರ ಎಂದು ನಿರ್ಧರಿಸಿದ ಮೇಲೂ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತವರಿಗೆ ಗೊಂದಲ ತಪ್ಪುವುದಿಲ್ಲ. ಮೊದಲನೆಯದು ನಂಬರು. ದಾರದ ನಂಬರು ಹೆಚ್ಚಾದಷ್ಟೂ ದಾರ ಸಣ್ಣ. 840 ಗಜದ ಒಂದು ಲಡಿ ನೂಲು ಒಂದು ಪೌಂಡು ತೂಗಿದರೆ ಅದು 1ನೇ ನಂಬರು. ಒಂದು ಪೌಂಡಿಗೆ ಅಂಥ 40 ಲಡಿ, ಅಂದರೆ 33,600 ಗಜ ಬಂದರೆ 40ನೇ ನಂಬರು. ಲಂಕಾಶೈರಿನ ಗಿರಣಿಗಳ ಕಾಲದ ಈ ಲೆಕ್ಕ ಇನ್ನೂ ನಡೆಯುತ್ತಿದೆ. ನಂಬರಿನ ಜೊತೆ ಎಷ್ಟೆಳೆ ಕೂಡಿಸಿ ಹುರಿ ಮಾಡಿದ್ದಾರೆ ಎಂದೂ ನೋಡಬೇಕು. ಒಂದೇ ನಂಬರಿನ ನೂಲನ್ನು ಎರಡೆಳೆ ಕೂಡಿಸಿದ್ದಕ್ಕಿಂತ ಮೂರೆಳೆ ಕೂಡಿಸಿದ್ದು ದಪ್ಪ, ದುಂಡು, ಗಟ್ಟಿ. ಕೈಹೊಲಿಗೆಯ ಕೌದಿಗೆ ಹೊಲಿಗೆಯೇ ಚಿತ್ತಾರ, ಅದು ಕಾಣಬೇಕು. ಮೂರೆಳೆಯ ದಪ್ಪ ದಾರ ಅಥವಾ ಎರಡು ಎಳೆ ಕೂಡಿಸಿ ಪೋಣಿಸಿದ ದಾರ ಒಪ್ಪುತ್ತದೆ. ಯಂತ್ರದಲ್ಲಿ ಹೊಲಿಯುವವರು ಸಣ್ಣ ದಾರ ಹಾಕಿದರೆ ಹೊಲಿಗೆ ಬಟ್ಟೆಯೊಳಗೆ ಹುದುಗುತ್ತದೆ, ಸುಕ್ಕೂ ಕಡಿಮೆ. ಕೈಹೊಲಿಗೆಗೆಂದೇ ಮಾರುವ ದಾರಕ್ಕೆ ಕೆಲವೊಮ್ಮೆ ಗಂಜಿ, ಮೇಣದ ಹೊಳಪು ಕೊಟ್ಟಿರುತ್ತಾರೆ. ಅದು ಗಂಟು ಬೀಳದೆ ಸರಾಗವಾಗಿ ಸಾಗುತ್ತದೆ, ಕೈಗೆ ಸುಖ. ಆದರೆ ಅದೇ ದಾರವನ್ನು ಯಂತ್ರಕ್ಕೆ ಹಾಕಿದರೆ ಲೇಪ ಕಿತ್ತು ಟೆನ್ಷನ್ ತಟ್ಟೆಗಳ ನಡುವೆ ಮೆತ್ತಿಕೊಳ್ಳುತ್ತದೆ.

ಹೊಲಿಯುವುದಕ್ಕೆಂದೇ ಹತ್ತಿ ದಾರ ಹುಟ್ಟಿದ್ದು ಯುದ್ಧದ ದೆಸೆಯಿಂದ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದ ನೇಕಾರರಿಗೆ ರೇಷ್ಮೆ ಸಿಗದಂತಾಯಿತು. ಮಗ್ಗದ ಹಾಸುನೂಲು ಎತ್ತುವ ಕುಣಿಕೆಗಳಿಗೆ ಅವರು ರೇಷ್ಮೆ ಹುರಿ ಬಳಸುತ್ತಿದ್ದರು. ಅಲ್ಲಿನ ಕ್ಲಾರ್ಕ್ ಮನೆತನದವರು ಅಷ್ಟೇ ನುಣುಪಾದ ಹತ್ತಿ ಹುರಿ ಮಾಡಿದರು, ಅದರಿಂದ ಬಟ್ಟೆಯನ್ನೂ ಹೊಲಿಯಬಹುದೆಂದು ಕಂಡುಕೊಂಡರು, 1812ರಲ್ಲಿ ಗಿರಣಿಯನ್ನೇ ಹಾಕಿದರು. ಆಮೇಲೆ ಹೊಲಿಗೆ ಯಂತ್ರ ಬಂತು. ಯಂತ್ರದಲ್ಲಿ ಒಂದು ಹೊಲಿಗೆ ಕೂರುವ ಮುಂಚೆ ಅದೇ ದಾರದ ತುಣುಕು ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಹಿಂದೆ ಮುಂದೆ ಉಜ್ಜುತ್ತದೆ, ಹಳೆಯ ಮೂರೆಳೆ ದಾರ ಅದನ್ನು ತಾಳಲಿಲ್ಲ. ಅದೇ ಮನೆತನದ ಜಾರ್ಜ್ ಕ್ಲಾರ್ಕ್ 1860ರ ದಶಕದಲ್ಲಿ ಅಮೆರಿಕದಲ್ಲಿ ಆರೆಳೆಯ ಮೆತ್ತನೆ ದಾರ ತಂದ. ಯಂತ್ರಕ್ಕೊಂದು, ಕೈಗೊಂದು ದಾರ ಎಂಬ ಭೇದ ಅಂದಿನಿಂದ ಗಟ್ಟಿಯಾಯಿತು.

ಹೊಳಪಿನ ದಾರಗಳ ಕಥೆಯಂತೂ ಕುಗ್ಗಿನದೇ ಕಥೆ. ಲಂಕಾಶೈರಿನ ಜಾನ್ ಮರ್ಸರ್ 1844ರಲ್ಲಿ ಕಾಸ್ಟಿಕ್ ಸೋಡಾವನ್ನು ಹತ್ತಿ ಬಟ್ಟೆಯಲ್ಲಿ ಸೋಸುವಾಗ ಬಟ್ಟೆ ದಪ್ಪವಾಗಿ, ಬಲವಾಗಿ, ಬಣ್ಣವನ್ನು ಚೆನ್ನಾಗಿ ಹಿಡಿಯುವಂತಾದದ್ದನ್ನು ಕಂಡ. 1850ರಲ್ಲಿ ಪೇಟೆಂಟ್ ಪಡೆದ. ಗಿರಣಿಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಬಟ್ಟೆ ವಿಪರೀತ ಕುಗ್ಗುತ್ತಿತ್ತು, ವ್ಯಾಪಾರಿಗೆ ಗಜದ ಲೆಕ್ಕದಲ್ಲಿ ನಷ್ಟ. ಸುಮಾರು 40 ವರ್ಷಗಳ ನಂತರ ಹೊರೇಸ್ ಲೋ ಎಂಬಾತ ಸೋಡಾದಲ್ಲಿ ಅದ್ದುವಾಗ ಬಟ್ಟೆಯನ್ನು ಎಳೆದು ಹಿಡಿದ. ಕುಗ್ಗಲು ಬಿಡದ ಎಳೆ ದುಂಡಾಗಿ ರೇಷ್ಮೆಯಂತೆ ಹೊಳೆಯಿತು. ಮರ್ಸರೈಸ್ಡ್ ದಾರ ಎಂದು ಕೊಳ್ಳುವಾಗ ನಾವು ಕೊಳ್ಳುವುದು ಒಮ್ಮೆ ಪೂರ್ತಿ ಉಬ್ಬಿ, ಎಳೆಸಿಕೊಂಡು, ಸ್ಥಿರವಾದ ನೂಲನ್ನು. ಸಾದಾ ದಾರಕ್ಕಿಂತ ಅದು ನೀರಿಗೆ ಕಡಿಮೆ ಮಣಿಯುತ್ತದೆ. ದುಡ್ಡು ಸ್ವಲ್ಪ ಹೆಚ್ಚಾದರೂ ಕುಗ್ಗಿಗೆ ಹೆದರುವವರು ಕೊಳ್ಳಬೇಕಾದದ್ದು ಅದನ್ನೇ.

ಹತ್ತಿಯ ಎಳೆಯ ಉದ್ದವೂ ನೋಡುವಂಥದ್ದು. ಗಿಡ್ಡ ಎಳೆಯ ದಾರ ಮೈತುಂಬ ಜುಂಗು ಬಿಡುತ್ತದೆ, ಯಂತ್ರದ ಬಾಬಿನ್ ಪೆಟ್ಟಿಗೆಯಲ್ಲಿ ಧೂಳು ಕೂರಿಸುತ್ತದೆ, ಬೇಗ ಕಡಿಯುತ್ತದೆ. ಉದ್ದ ಎಳೆಯದು ನುಣುಪು, ಅಷ್ಟೇ ಸಣ್ಣಗಿದ್ದರೂ ಗಟ್ಟಿ. ಹೊಲಿಗೆ ದಾರದ ಪೆಟ್ಟಿಗೆಗಳ ಮೇಲೆ ಈಜಿಪ್ಟಿನ ಹತ್ತಿ ಎಂದು ಬರೆದಿರುವುದು ಈ ಕಾರಣಕ್ಕೆ. ಈ ಮಾತಿನಲ್ಲಿ ಕನ್ನಡನಾಡಿಗೂ ಪಾಲಿದೆ. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ‘ವರಲಕ್ಷ್ಮಿ’, 1981ರಲ್ಲಿ ‘ಡಿಸಿಎಚ್-32’ ಎಂಬ ಉದ್ದ ಎಳೆಯ ಸಂಕರ ತಳಿಗಳನ್ನು ಹೊರತಂದದ್ದು ಧಾರವಾಡದ ಕೃಷಿ ವಿಜ್ಞಾನಿಗಳು. ಎರಡನೆಯದರ ಹೆಸರಿನ ‘ಡಿ’ ಧಾರವಾಡವೇ.

ಇಷ್ಟೆಲ್ಲ ಹೇಳಿದರೂ ಕೌದಿಯನ್ನು ನಿಜವಾಗಿ ಕೆಡಿಸುವ ದೋಷದ ಹೆಸರು ಇನ್ನೂ ಬಂದಿಲ್ಲ. ಅದು ಬಣ್ಣ. ಬಿಳಿ ಧೋತರದ ತೇಪೆಯ ಮೇಲೆ ಹಾಯ್ದ ಕೆಂಪು ದಾರ ಮೊದಲ ಒಗೆತದಲ್ಲೇ ರಂಗು ಬಿಟ್ಟರೆ ಅದಕ್ಕೆ ಮದ್ದಿಲ್ಲ. ಸುಕ್ಕನ್ನು ತಿಂಗಳೊಪ್ಪತ್ತಿನ ಬಳಕೆ ಮೆತ್ತಗೆ ಮಾಡುತ್ತದೆ, ಕಲೆಯನ್ನು ಮಾಡುವುದಿಲ್ಲ. ಕುಗ್ಗಿನ ಚಿಂತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವವರೂ ಬಣ್ಣವನ್ನು ಪರೀಕ್ಷಿಸದೆ ದಾರ ಕೊಳ್ಳುವುದು ಏಕೋ ತಿಳಿಯದು.

ಎರಡಕ್ಕೂ ಪರೀಕ್ಷೆ ಒಂದೇ, ಒಲೆಯ ಮೇಲೆ ನೀರು ಕಾಯಿಸಿದರೆ ಮುಗಿಯಿತು. ಮೊದಲು ದಾರದ ಒಂದು ಚೂರಿಗೆ ಬೆಂಕಿ ತಾಗಿಸಿ ನೋಡಿ: ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯೆಂದು ಖಾತ್ರಿಯಾದ ಮೇಲೆ ಒಂದು ಮೀಟರಿಗಿಂತ ತುಸು ಉದ್ದ ದಾರ ಕತ್ತರಿಸಿ, ನೂರು ಸೆಂಟಿಮೀಟರ್ ಅಂತರದಲ್ಲಿ ಎರಡು ಗಂಟು ಹಾಕಿ, ಬಿಳಿ ಬಟ್ಟೆಯ ಚೂರಿನ ಜೊತೆ ಕುದಿವ ನೀರಿನಲ್ಲಿ ಹತ್ತು ನಿಮಿಷ ಬಿಡಿ. ಎಳೆಯದೆ ಒಣಗಿಸಿ ಅಳೆಯಿರಿ. ಗಂಟುಗಳ ನಡುವೆ 98 ಸೆಂಟಿಮೀಟರಿಗಿಂತ ಹೆಚ್ಚು ಉಳಿದಿದ್ದರೆ ಹಾಗೇ ಹೊಲಿಯಬಹುದು. ಅದಕ್ಕೂ ಕಡಿಮೆಯಾದರೆ ದಾರವನ್ನು ಲಡಿಯ ರೂಪದಲ್ಲಿ ಬಿಸಿನೀರಿಗೆ ಹಾಕಿ, ನೆರಳಲ್ಲಿ ಸಡಿಲವಾಗಿ ಒಣಗಿಸಿ ಬಳಸಿ. ರೀಲಿಗೆ ಬಿಗಿಯಾಗಿ ಸುತ್ತಿದ ದಾರವನ್ನು ರೀಲಿನ ಸಮೇತ ನೆನೆಸಿದರೆ ಅದಕ್ಕೆ ಕುಗ್ಗಲು ಜಾಗವೇ ಇರುವುದಿಲ್ಲ. ಬಿಳಿ ಚೂರಿಗೆ ಬಣ್ಣ ಹತ್ತಿದ್ದರೆ ಮಾತ್ರ ಆ ದಾರವನ್ನು ಕೌದಿಗೆ ಹಾಕಬೇಡಿ, ಅಂಗಡಿಗೆ ಹಿಂದಿರುಗಿಸಿ ಬನ್ನಿ.